ಕಾಲೇಜಿನಿಂದ ಕಚೇರಿಗೆ

ನಮ್ಮ ಊರುಗಳಲ್ಲಿ ಯಾವ ಗೃಹಸ್ಥರ ಮನೆಗೆ ಹೋದರೂ ನಡುಮನೆಯ ಗೋಡೆಯ ಮೇಲೆ ಒಂದು ಭಾವಚಿತ್ರ ಕಣ್ಣಿಗೆ ಬೀಳುವುದುಂಟು. ಮನೆಯ ಮಗನೋ ಮಗಳೋ ಕಪ್ಪು ನಿಲುವಂಗಿಯನ್ನು ತೊಟ್ಟು, ಸುರುಳಿ ಸುತ್ತಿದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಿರುವ ಚಿತ್ರ ಅದು; ಘಟಿಕೋತ್ಸವದ ದಿನ ತೆಗೆಸಿದುದು. ತಂದೆತಾಯಿಗಳು ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ, ತೋರಿಸತಕ್ಕದ್ದೇ ಸರಿ. ಆದರೆ ಅದೇ ಹುಡುಗ ಮೊದಲ ಸಲ ಕಚೇರಿಗೆ ಹೊರಟ ಸೋಮವಾರದ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಓದು ಮುಗಿಯಿತು, ಕೆಲಸ ಸಿಕ್ಕಿತು, ಇನ್ನು ಚಿಂತೆಯಿಲ್ಲವೆಂದು ನಾವೆಲ್ಲ ನಿಶ್ಚಿಂತರಾಗುತ್ತೇವೆ. ಹುಡುಗನಿಗಾದರೋ ಚಿಂತೆ ಅಂದಿನಿಂದಲೇ ಮೊದಲಾಗುತ್ತದೆ. ಈ ಮೊದಲ ವರ್ಷದ ವಿಷಯವಾಗಿ ನಾಲ್ಕು ಮಾತುಗಳನ್ನು ಶ್ರೋತೃಗಳ ಮುಂದಿಡಬೇಕೆಂಬುದು ಈ ಹೊತ್ತಿನ ನಮ್ಮ ಉದ್ದೇಶ.

ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅಧಿಕಾರ ಬಲು ಸ್ವಲ್ಪದ್ದು. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುತ್ತಿರುವವರು ನಾವು. ಕಚೇರಿಗಳ ಒಳಗನ್ನು ಬಲ್ಲವರಲ್ಲ. ಆದರೆ ನಾವು ಕಳುಹಿಸಿಕೊಟ್ಟ ಹುಡುಗರು ಆಗಾಗ ಹಿಂದಿರುಗಿ ಬರುತ್ತಾರೆ. ಅವರಲ್ಲಿ ಒಬ್ಬನಿಗೆ ನಾವು ಸರಿಯಾದ ಮಾತನ್ನು ಹೇಳಲಿಲ್ಲ. ಅದರ ನೆನಪೇ ಇಂದಿನ ಭಾಷಣಕ್ಕೆ ಮೂಲ.

ಆತ ಹಾಸನದ ಕಡೆಯ ಹಳ್ಳಿಯವನು. ಅವನ ಮನೆತನದಲ್ಲಿ ಪದವಿಯನ್ನು ಪಡೆದವರಲ್ಲಿ ಅವನೇ ಮೊದಲಿಗ. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಕೇಳಿದ ಪ್ರಶ್ನೆಗೆಲ್ಲ ಕೈಯೆತ್ತುತ್ತಿದ್ದವನು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸವಾದಾಗ ನಮಗೂ ಹೆಮ್ಮೆಯಾಯಿತು. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸಂಜೆ ಆತ ನಮ್ಮ ಮನೆಗೆ ಬಂದ. ಮುಖ ಬಾಡಿತ್ತು. ಕೆಲಸವನ್ನು ಬಿಡಬೇಕೆಂದಿರುವುದಾಗಿ ಹೇಳಿದ. ಕಾರಣವೇನೆಂದು ಕೇಳಿದರೆ, “ಅಲ್ಲಿ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಸಾರ್” ಎಂದ. ಸಂಬಳ ಕಡಿಮೆಯೆಂದಾಗಲಿ, ದುಡಿಮೆ ಹೆಚ್ಚೆಂದಾಗಲಿ ಆತ ಹೇಳಲಿಲ್ಲ. ನಾವು ಅರ್ಧ ಗಂಟೆಯ ಕಾಲ ತಾಳ್ಮೆಯ ಮಹಿಮೆಯನ್ನು ಕುರಿತು ಮಾತನಾಡಿದೆವು. ದೊಡ್ಡವರ ಉದಾಹರಣೆಗಳನ್ನು ಕೊಟ್ಟೆವು. ಆತ ಕಾಫಿಯನ್ನು ಕುಡಿದು, ಕಾಲಿಗೆ ನಮಸ್ಕರಿಸಿ ಹೊರಟುಹೋದ. ಮೂರು ವಾರದೊಳಗೆ ಕೆಲಸವನ್ನು ಬಿಟ್ಟನೆಂದು ಬೇರೆಯವರಿಂದ ತಿಳಿಯಿತು. ಎರಡು ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಅಕಸ್ಮಾತ್ತಾಗಿ ಸಿಕ್ಕಿದಾಗ ಆತ ನಗುತ್ತಲೇ ಹೇಳಿದ: “ಅಂದು ನೀವು ಹೇಳಿದ್ದೆಲ್ಲ ನಿಜ, ಸಾರ್. ಆದರೆ ಅಲ್ಲಿ ನನ್ನ ಕೆಲಸ ಏನು ಎಂಬುದನ್ನು ನೀವು ಕೇಳಲೇ ಇಲ್ಲ.”

ಆ ಮಾತು ನಮ್ಮನ್ನು ಬಿಡಲಿಲ್ಲ. ನಾವು ಕೇಳಿರಲಿಲ್ಲ, ನಿಜ. ಅವನ ಮೇಲಿನವರೂ ಕೇಳಿರಲಿಲ್ಲವೆಂದು ತೋರುತ್ತದೆ. ಅವನ ತಂದೆ ಕೇಳಿದ್ದು ಸಂಬಳವನ್ನು ಮಾತ್ರ. ಅಂದಿನಿಂದ ಬಂದ ಹುಡುಗರನ್ನೆಲ್ಲ ನಾವು ಮೊದಲು ಕೇಳುವುದು ಅದನ್ನೇ: “ಕಳೆದ ವಾರ ನೀನು ಏನು ಮಾಡಿದೆ? ಅದನ್ನು ಯಾರು ನೋಡಿದರು? ನೋಡಿದವರು ಏನೆಂದರು?” ಮೊದಲನೆಯ ಪ್ರಶ್ನೆಗೆ ಉತ್ತರ ಬರುತ್ತದೆ. ಎರಡನೆಯದಕ್ಕೆ ಸ್ವಲ್ಪ ತಡೆದು ಬರುತ್ತದೆ. ಮೂರನೆಯದಕ್ಕೆ ಬಹುಮಟ್ಟಿಗೆ ಉತ್ತರವೇ ಇಲ್ಲ. ರೋಗದ ಮೂಲ ಇಲ್ಲಿದೆಯೆಂದು ನಮ್ಮ ನಂಬಿಕೆ.

ಸ್ವಲ್ಪ ವಿಚಾರಮಾಡಿ ನೋಡಬೇಕು. ಐದಾರು ವರ್ಷದ ಮಗು ಶಾಲೆಗೆ ಸೇರಿದಂದಿನಿಂದ ಪದವಿ ಮುಗಿಯುವವರೆಗೆ, ಸುಮಾರು ಹದಿನೈದು ಹದಿನಾರು ವರ್ಷ, ಅವನು ಮಾಡಿದ ಪ್ರತಿಯೊಂದು ಕೆಲಸಕ್ಕೂ ಪ್ರತ್ಯುತ್ತರ ದೊರೆಯುತ್ತದೆ. ಬರೆದ ಲೆಕ್ಕಕ್ಕೆ ಸರಿಯೆಂಬ ಗುರುತೋ ತಪ್ಪೆಂಬ ಗುರುತೋ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಗೆ ಅಂಕ, ಅಂಕದಿಂದ ತರಗತಿಯಲ್ಲಿ ಸ್ಥಾನ. ಪ್ರಶ್ನೆಯನ್ನು ಕೇಳುವ ಮೇಷ್ಟರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಜೊತೆಯಲ್ಲಿರುವವರೆಲ್ಲ ಸಮವಯಸ್ಕರು. ಎಷ್ಟು ಓದಿದರೆ ಏನು ಸಿಗುವುದೆಂಬ ಲೆಕ್ಕ ಎಲ್ಲರಿಗೂ ತಿಳಿದದ್ದು. ಇಂತಹ ಲೋಕದಿಂದ ಹುಡುಗ ಒಂದೇ ದಿನದಲ್ಲಿ ಮತ್ತೊಂದು ಲೋಕಕ್ಕೆ ಹೋಗುತ್ತಾನೆ. ಅಲ್ಲಿ ಪಾಠಪಟ್ಟಿಯಿಲ್ಲ, ಪಕ್ಕದ ಮೇಜಿನವರು ತಂದೆಯ ವಯಸ್ಸಿನವರು, ಪ್ರಶ್ನೆಗೆ ಉತ್ತರ ಕೇಳಿದವರಿಗೂ ತಿಳಿಯದು. ಮಾಡಿದ ಕೆಲಸ ಮೇಲಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬಂದರೆ ತಪ್ಪಾದಾಗ ಮಾತ್ರ ಬರುತ್ತದೆ. ಸರಿಯಾದುದಕ್ಕೆ ದೊರೆಯುವ ಪ್ರತಿಫಲ ಮೌನ. ಹಳಬರಿಗೆ ಈ ಮೌನದ ಅರ್ಥ ಗೊತ್ತು: ಯಾರೂ ಮಾತನಾಡಲಿಲ್ಲವೆಂದರೆ ಎಲ್ಲವೂ ಸರಿಯಾಗಿದೆ ಎಂದು. ಹೊಸಬನಿಗೆ ಅದು ಗೊತ್ತಿಲ್ಲ. ಅವನು ಅದನ್ನು ತಿರಸ್ಕಾರವೆಂದು ಓದಿಕೊಳ್ಳುತ್ತಾನೆ.

ಹೀಗಿರುವಾಗ ನಾವು ಅವನಿಗೆ ಸೋಮಾರಿಯೆಂದೋ, ಈ ಕಾಲದವರಿಗೆ ತಾಳ್ಮೆಯಿಲ್ಲವೆಂದೋ ಹೆಸರಿಡುವುದು ಸುಲಭ. ತರುಣರ ಮೇಲಿನ ಈ ದೂರು ಹೊಸದಲ್ಲ. ನಮ್ಮ ತಂದೆಯವರು ನಮ್ಮ ಮೇಲೆಯೂ ಹೇಳಿದ್ದರು. ದೂರನ್ನು ಬದಿಗಿಟ್ಟು, ಕೆಲಸದಲ್ಲಿ ಮನುಷ್ಯನ ಉತ್ಸಾಹ ಯಾವುದರಿಂದ ಹುಟ್ಟುತ್ತದೆಯೆಂಬುದನ್ನು ಕೇಳಿಕೊಳ್ಳುವುದು ಮೇಲು. ಈ ಪ್ರಶ್ನೆಯನ್ನು ಮನಃಶಾಸ್ತ್ರಜ್ಞರು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ.

ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ, 1959ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೆಲಸ ಬಹಳ ಹಿತವೆನಿಸಿದ ಸಮಯ ಯಾವುದು, ಬಹಳ ಬೇಸರವಾದ ಸಮಯ ಯಾವುದು ಎಂಬುದೇ ಅವರು ಕೇಳಿದ ಪ್ರಶ್ನೆ. ಬೇಸರಕ್ಕೆ ಕಾರಣವಾಗಿ ಜನರು ಹೇಳಿದುದು ಸಂಸ್ಥೆಯ ನಿಬಂಧನೆಗಳು, ಮೇಲಧಿಕಾರಿಯ ರೀತಿ, ಸಂಬಳ, ಅನುಕೂಲತೆಗಳ ಕೊರತೆ ಮುಂತಾದುವನ್ನು. ಹಿತಕ್ಕೆ ಕಾರಣವಾಗಿ ಹೇಳಿದುದೇ ಬೇರೆ: ಒಂದು ಕಾರ್ಯವನ್ನು ಸಾಧಿಸಿದುದು, ಅದನ್ನು ಇತರರು ಗುರುತಿಸಿದುದು, ಆ ಕೆಲಸದ ಸ್ವಾರಸ್ಯ, ಅದರ ಹೊಣೆ. ಮನುಷ್ಯನು ಒಳ್ಳೆಯದನ್ನು ತನ್ನ ಖಾತೆಗೂ ಕೆಟ್ಟದ್ದನ್ನು ಇತರರ ಖಾತೆಗೂ ಬರೆದುಕೊಳ್ಳುವ ಸ್ವಭಾವದವನಾದುದರಿಂದ ಈ ಉತ್ತರಗಳನ್ನು ಹಾಗೆಯೇ ನಂಬಲಾಗದೆಂದು ಕೆಲವರು ಆಕ್ಷೇಪಿಸಿದುದುಂಟು, ಆಕ್ಷೇಪದಲ್ಲಿ ಹುರುಳಿದೆ. ಆದರೂ ಇಷ್ಟನ್ನು ಒಪ್ಪಬಹುದು: ಸಂಬಳ ಸಾಲದಿದ್ದರೆ ಮನಸ್ಸು ಕೆಡುತ್ತದೆ, ಸಂಬಳ ಸಾಕಷ್ಟಾದ ಮಾತ್ರಕ್ಕೆ ಮನಸ್ಸು ಅರಳುವುದಿಲ್ಲ. ನಮ್ಮ ಹುಡುಗ ಸಂಬಳದ ಮಾತನ್ನೇ ಎತ್ತದಿದ್ದುದು ಈಗ ನಮಗೆ ಅರ್ಥವಾಗುತ್ತದೆ.

ಇದಕ್ಕಿಂತ ಈಚಿನದು ಮತ್ತೊಂದು ಪರಿಶೋಧನೆ. ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರಾಮರ್ ಎಂಬುವರು ಏಳು ಸಂಸ್ಥೆಗಳ 238 ಮಂದಿಯಿಂದ ಪ್ರತಿದಿನದ ಕೆಲಸದ ದಿನಚರಿಯನ್ನು ಬರೆಸಿ, ಸುಮಾರು 12,000 ದಿನಚರಿಗಳನ್ನು ಓದಿ, 2011ರಲ್ಲಿ ತಮ್ಮ ನಿರ್ಣಯವನ್ನು ಪುಸ್ತಕರೂಪವಾಗಿ ಹೊರತಂದರು. ಕೆಲಸಗಾರನಿಗೆ ಉತ್ಸಾಹವನ್ನು ತಂದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದುದು ಬಹುಮಾನವೂ ಅಲ್ಲ, ಹೊಗಳಿಕೆಯೂ ಅಲ್ಲ. ಅರ್ಥವುಳ್ಳ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದೆನೆಂಬ ಅನುಭವ. ಆ ಹೆಜ್ಜೆ ಚಿಕ್ಕದಾದರೂ ಸಾಕು. ಆದರೆ ಹೆಜ್ಜೆಯಿಟ್ಟುದು ಇಟ್ಟವನಿಗೆ ಕಾಣಬೇಕು. ಕಾಣದ ಹೆಜ್ಜೆಯಿಂದ ಪ್ರಯೋಜನವಿಲ್ಲ.

ಅಂದು ಆ ಹುಡುಗನಿಗೆ ನಾವು ಕೊಟ್ಟ ಉದಾಹರಣೆಗಳಲ್ಲಿ ಒಂದು ವಿಶ್ವೇಶ್ವರಯ್ಯನವರದು. 1884ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಹೊಸತರಲ್ಲಿ ಖಾನದೇಶದ ಪಾಂಜರಾ ನದಿಯ ಕಾಲುವೆಯೊಂದಕ್ಕೆ ಕೊಳವೆಯ ಸೈಫನ್ ಕಟ್ಟಿಸುವ ಕೆಲಸ ಅವರ ಪಾಲಿಗೆ ಬಂತು. ಮಳೆ ಹಿಡಿಯಿತು. ಕೆಲಸವನ್ನು ಮುಂದೂಡಬೇಕೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ತರುಣ ಎಂಜಿನಿಯರು ಪಟ್ಟು ಹಿಡಿದು ಕೆಲಸವನ್ನು ಪೂರೈಸಿದರು. ಈ ಕಥೆಯನ್ನು ನಾವು ಛಲಕ್ಕೆ ದೃಷ್ಟಾಂತವಾಗಿ ಹೇಳಿದ್ದೆವು. ಈಗ ಯೋಚಿಸಿದರೆ ಅದರಲ್ಲಿ ಬೇರೆಯ ಪಾಠವೂ ಕಾಣುತ್ತದೆ. ಆ ಹೊಸ ಎಂಜಿನಿಯರಿಗೆ ಕೊಟ್ಟ ಕೆಲಸಕ್ಕೆ ಆದಿಯೂ ಅಂತ್ಯವೂ ಇದ್ದುವು. ಅದು ಅವರದೇ ಕೆಲಸವಾಗಿತ್ತು. ಬರೆದ ಕಾಗದಕ್ಕೆ ಉತ್ತರ ಬಂತು. ಕಹಿಯಾದ ಉತ್ತರವೇ ಇರಲಿ, ಬಂದುದು ನಿಜ. ಕೆಲಸ ಮುಗಿದುದೂ ಕಣ್ಣೆದುರಿಗೇ ಕಾಣುವಂತಹುದು. ನಮ್ಮ ಹುಡುಗನಿಗೆ ಸಿಕ್ಕಿದ್ದು ಇಂತಹ ಕೆಲಸವಲ್ಲ. ಯಾರೋ ಕಳುಹಿಸಿದ ಪಟ್ಟಿಯಲ್ಲಿ ಕೆಲವು ಅಂಕಣಗಳನ್ನು ಗಣಕಯಂತ್ರದಲ್ಲಿ ತುಂಬಿ ಮತ್ತಾರಿಗೋ ಕಳುಹಿಸುವುದು ಅವನ ಕೆಲಸ. ಆ ಪಟ್ಟಿ ಎಲ್ಲಿಗೆ ಹೋಗುತ್ತದೆ, ಯಾರಿಗೆ ಉಪಯೋಗವಾಗುತ್ತದೆ ಎಂಬುದು ಅವನಿಗೆ ತಿಳಿಯದು. ಕಾಲುವೆಯನ್ನು ತೋಡುವವನಿಗೆ ಗದ್ದೆಯನ್ನು ತೋರಿಸದಿದ್ದಂತಾಯಿತು.

ಗದ್ದೆಯನ್ನು ತೋರಿಸಿದರೆ ಏನಾಗುವುದೆಂಬುದಕ್ಕೂ ಪ್ರಮಾಣವುಂಟು. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ದೂರವಾಣಿಯ ಮೂಲಕ ಚಂದಾ ಕೇಳುವ ಕೆಲಸಕ್ಕೆ ಕೆಲವರನ್ನು ನೇಮಿಸಿದ್ದರು. ದಿನವೆಲ್ಲ ಇಲ್ಲವೆಂಬ ಮಾತನ್ನು ಕೇಳುವ ಕೆಲಸ. ಆ ಹಣದಿಂದ ವಿದ್ಯಾರ್ಥಿವೇತನವನ್ನು ಪಡೆದ ಒಬ್ಬ ವಿದ್ಯಾರ್ಥಿಯನ್ನು ಅವರಲ್ಲಿ ಕೆಲವರಿಗೆ ಕೆಲವೇ ನಿಮಿಷಗಳ ಕಾಲ ಭೇಟಿ ಮಾಡಿಸಲಾಯಿತು. ಒಂದು ತಿಂಗಳಾದ ಮೇಲೆ ನೋಡಿದರೆ, ಭೇಟಿಯಾದವರು ದೂರವಾಣಿಯಲ್ಲಿ ಕಳೆಯುತ್ತಿದ್ದ ಕಾಲ ಇಮ್ಮಡಿಗೂ ಮಿಕ್ಕಿತ್ತು. ಕೂಡಿದ ಹಣವೂ ಹಾಗೆಯೇ. ಆಡಂ ಗ್ರಾಂಟ್ ಎಂಬುವರೂ ಅವರ ಜೊತೆಯವರೂ 2007ರಲ್ಲಿ ಇದನ್ನು ಪ್ರಕಟಿಸಿದರು. ಸಂಬಳವನ್ನು ಹೆಚ್ಚಿಸಲಿಲ್ಲ, ಉಪದೇಶ ಮಾಡಲಿಲ್ಲ. ಕೆಲಸ ಯಾರಿಗೆ ಮುಟ್ಟುತ್ತದೆಯೆಂಬುದನ್ನು ತೋರಿಸಿದರು, ಅಷ್ಟೆ.

ಹಾಗಾದರೆ ಹೊಸದಾಗಿ ಕೆಲಸಕ್ಕೆ ಸೇರಿದ ತರುಣರು ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತ್ಯುತ್ತರ ತಾನಾಗಿ ಬರುವುದೆಂದು ಕಾಯಬಾರದು, ಕೇಳಿ ಪಡೆಯಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ. ಘಳಿಗೆಗೊಂದು ಸಂದೇಹವನ್ನು ಹಿಡಿದುಕೊಂಡು ಹಿರಿಯರ ಮೇಜಿನ ಮುಂದೆ ನಿಂತರೆ ಅವರಿಗೆ ಬೇಸರವಾಗುವುದು ಸಹಜ. ಸಂದೇಹಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ದಿನಕ್ಕೊಮ್ಮೆ ಅವರ ಬಿಡುವು ನೋಡಿ ಕೇಳಬೇಕು. “ಈ ಕೆಲಸ ಸರಿಯಾಗಿದೆಯೇ?” ಎಂದರೆ “ಹೂಂ” ಎಂಬ ಉತ್ತರ ಸಿಕ್ಕೀತು. “ಇದರಲ್ಲಿ ಮುಂದಿನ ಸಲ ನಾನು ಬದಲಾಯಿಸಬೇಕಾದುದು ಯಾವುದು?” ಎಂದರೆ ಮನುಷ್ಯನು ಯೋಚಿಸಿ ಹೇಳಬೇಕಾಗುತ್ತದೆ. ಜೊತೆಗೆ, ಈ ಕಾಗದ ಇಲ್ಲಿಂದ ಎಲ್ಲಿಗೆ ಹೋಗುತ್ತದೆಯೆಂಬುದನ್ನೂ ಮೊದಲ ವಾರದಲ್ಲೇ ತಿಳಿದುಕೊಳ್ಳಬೇಕು.

ಎರಡನೆಯದಾಗಿ, ತನಗೆ ತಾನೇ ಉತ್ತರ ಕೊಟ್ಟುಕೊಳ್ಳಬೇಕು. ಮೂರಾಣೆಯ ನೋಟು ಪುಸ್ತಕವೆಂದು ಹಿಂದಿನವರು ಹೇಳುತ್ತಿದ್ದಂತಹ ಚಿಕ್ಕ ಪುಸ್ತಕವೊಂದು ಸಾಕು. ಮನೆಗೆ ಹೊರಡುವ ಮುನ್ನ ಎರಡು ಸಾಲು: ಇಂದು ಮುಗಿಸಿದುದೇನು, ನಿನ್ನೆ ತಿಳಿಯದೆ ಇಂದು ತಿಳಿದುದೇನು. ಮೊದಲ ವಾರ ಇದು ಹುಡುಗಾಟವೆನಿಸಬಹುದು. ಮೂರನೆಯ ತಿಂಗಳಲ್ಲಿ ಮೊದಲ ಪುಟವನ್ನು ತಿರುಗಿಸಿ ನೋಡಿದಾಗ ತಾನು ನಿಂತಲ್ಲೇ ನಿಂತಿಲ್ಲವೆಂಬುದು ತನ್ನ ಕೈಬರಹದಲ್ಲಿಯೇ ಕಾಣುತ್ತದೆ.

ಮೂರನೆಯದು ಭಾಷೆಯ ಮಾತು. ಕನ್ನಡದಲ್ಲಿ ಓದಿ ಬಂದ ಅನೇಕ ಹುಡುಗರು ಇಂಗ್ಲಿಷಿನಲ್ಲಿ ನಡೆಯುವ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಅವರ ಮೌನವನ್ನು ಅಜ್ಞಾನವೆಂದು ತಿಳಿಯುವವರುಂಟು. ಇಂಗ್ಲಿಷನ್ನೇ ಕಲಿಸಿ ಅನ್ನ ತಿನ್ನುತ್ತಿರುವ ನಾವು ಹೇಳುವುದಿಷ್ಟು: ಸಭೆಗೆ ಮುಂಚೆ, ಹೇಳಬೇಕಾದ ಒಂದೇ ವಿಷಯವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಿ. ವಿಷಯ ಸ್ಪಷ್ಟವಾಗಿದ್ದರೆ ಇಂಗ್ಲಿಷು ನಾಲ್ಕು ಸರಳವಾಕ್ಯಗಳಲ್ಲಿ ಬರುತ್ತದೆ. ವ್ಯಾಕರಣದ ತಪ್ಪನ್ನು ಜನ ಸಂಜೆಯೊಳಗೆ ಮರೆಯುತ್ತಾರೆ. ಉಪಯುಕ್ತವಾದ ಮಾತನ್ನು ಮರೆಯುವುದಿಲ್ಲ.

ನಾಲ್ಕನೆಯದಾಗಿ, ಕಚೇರಿಯ ಹೊರಗೆ ತನ್ನದೆಂಬ ಒಂದು ಕೆಲಸವನ್ನು ಉಳಿಸಿಕೊಳ್ಳಬೇಕು. ಮಾಸ್ತಿಯವರು 1914ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ 1943ರವರೆಗೆ ಅಧಿಕಾರಿಯಾಗಿದ್ದರು. ಅವರ ಮೊದಲ ಕಥಾಸಂಗ್ರಹ ಹೊರಬಂದುದು 1920ರಲ್ಲಿ, ಸೇವೆಯ ನಡುವೆಯೇ. ಎಲ್ಲರೂ ಕಥೆ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಸಂಗೀತವಾಗಲಿ, ಆಟವಾಗಲಿ, ಊರಿನ ವಾಚನಾಲಯದ ಕೆಲಸವಾಗಲಿ, ಒಂದು ಇರಲಿ. ಕಚೇರಿಯ ಮೌನ ದಿನವನ್ನೆಲ್ಲ ನುಂಗದಂತೆ ಅದು ಕಾಯುತ್ತದೆ.

ಇಷ್ಟು ಹೇಳಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ತಪ್ಪಾದೀತು. ಕೆಲಸ ಬಿಡುವುದೆಲ್ಲ ಸೋಲಲ್ಲ. ಸಂಬಳವನ್ನು ಕೊಡದ, ಸುಳ್ಳು ಲೆಕ್ಕಕ್ಕೆ ಸಹಿ ಹಾಕಿಸುವ, ಮಾನವನ್ನು ಕಳೆಯುವ ಸ್ಥಳದಲ್ಲಿ ತಾಳ್ಮೆಯೆಂಬುದು ಗುಣವಲ್ಲ. ಅಲ್ಲಿಂದ ಹೊರಡುವುದೇ ವಿವೇಕ. ಬರಿಯ ಬೇಸರವನ್ನೂ ಅನ್ಯಾಯವನ್ನೂ ಬೇರ್ಪಡಿಸಿ ನೋಡುವುದಕ್ಕೆ ಹಿರಿಯರೊಬ್ಬರ ನೆರವು ಬೇಕು. ಹುಡುಗ ನಮ್ಮ ಮನೆಗೆ ಬಂದುದು ಬಹುಶಃ ಅದಕ್ಕಾಗಿಯೇ.

ಇನ್ನು ಕಚೇರಿಗಳಲ್ಲಿ ಹಿರಿಯ ಸ್ಥಾನದಲ್ಲಿರುವ ಶ್ರೋತೃಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ರಾಜ್ಯದ ಸರ್ಕಾರಿ ನೌಕರಿಯಲ್ಲಿ 1977ರ ನಿಯಮಗಳು ಹೊಸಬನಿಗೆ ಸಾಮಾನ್ಯವಾಗಿ ಎರಡು ವರ್ಷದ ಪ್ರೊಬೇಷನ್ನನ್ನು ವಿಧಿಸಿವೆ. ಬ್ಯಾಂಕುಗಳಲ್ಲಿಯೂ ಖಾಸಗಿ ಸಂಸ್ಥೆಗಳಲ್ಲಿಯೂ ಇಂತಹ ಅವಧಿಗಳುಂಟು. ಈ ಅವಧಿ ಹುಡುಗನಿಗೆ ಮಾತ್ರ ಪರೀಕ್ಷೆಯೆಂದು ಭಾವಿಸುವುದು ಸರಿಯಲ್ಲ. ಕಲಿಸುವವರಿಗೂ ಅದು ಪರೀಕ್ಷೆ. ಮೊದಲ ತಿಂಗಳಲ್ಲಿಯೇ ಆದಿ ಅಂತ್ಯಗಳಿರುವ ಒಂದು ಕೆಲಸವನ್ನು, ಎಷ್ಟು ಸಣ್ಣದಾದರೂ ಚಿಂತೆಯಿಲ್ಲ, ಅವನ ಕೈಗೆ ಕೊಡಿ. ವಾರಕ್ಕೆ ಹದಿನೈದು ನಿಮಿಷ ಅವನೊಡನೆ ಕುಳಿತು, ಸರಿಯಾದುದು ಯಾವುದು, ತಪ್ಪಾದುದು ಯಾವುದು ಎಂದು ಹೇಳಿ. ತಪ್ಪನ್ನು ಏಕಾಂತದಲ್ಲಿ ಹೇಳಿ. ಹುಸಿ ಹೊಗಳಿಕೆ ಬೇಡ. ಹುಡುಗರಿಗೆ ಅದು ಕೂಡಲೇ ತಿಳಿದುಬಿಡುತ್ತದೆ. ಮನೆಯಲ್ಲಿರುವ ತಂದೆತಾಯಿಗಳು ಸಂಬಳವನ್ನು ಒಂದು ಸಲ ಕೇಳಿದ್ದಾದ ಮೇಲೆ, ಇವತ್ತು ಏನು ಮಾಡಿದೆಯೆಂದು ಕೇಳುವ ಅಭ್ಯಾಸವನ್ನು ಇಟ್ಟುಕೊಳ್ಳಲಿ.

ಅಧ್ಯಾಪಕರಾದ ನಮ್ಮ ಪಾಲೂ ಇದೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿ, ಅಂಕಗಳನ್ನು ಕೊಟ್ಟು, ಹುಡುಗರನ್ನು ಅಂಕಗಳಿಗೆ ಒಗ್ಗಿಸಿದವರು ನಾವೇ. ಈಗ ಕೊನೆಯ ವರ್ಷದವರಿಗೆ ನಮಗೂ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಕೊಟ್ಟು, ಅಂಕವಿಲ್ಲದೆ ಮೂರು ತಿಂಗಳು ಅದರ ಹಿಂದೆ ಹೋಗುವಂತೆ ಹೇಳುತ್ತೇವೆ. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ನಮಗೊಂದು ಕಾಗದ ಬರೆಯಬೇಕೆಂದೂ ಕೇಳಿಕೊಳ್ಳುತ್ತೇವೆ. ಬರೆದವರಿಗೆ ಆ ವಾರದಲ್ಲೇ ಉತ್ತರ ಬರೆಯುತ್ತೇವೆ.

ಹಾಗೆ ಬಂದ ಕಾಗದಗಳಲ್ಲಿ ಒಂದನ್ನು ಹೇಳಿ ಮುಗಿಸುತ್ತೇವೆ. ತಾಲ್ಲೂಕು ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ನಮ್ಮ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು. ಆಕೆಗೂ ಎರಡು ತಿಂಗಳು ಯಾರೂ ಏನೂ ಹೇಳಿರಲಿಲ್ಲ. ಬಿಟ್ಟುಬಿಡುವ ಯೋಚನೆ ಬಂದಿತ್ತು. ಒಂದು ಸಂಜೆ ನಿವೃತ್ತಿಗೆ ಹತ್ತಿರವಾಗಿದ್ದ ಶಿರಸ್ತೇದಾರರು ಬೀರುವಿಗೆ ಬೀಗ ಹಾಕುತ್ತ, “ನೀನು ಬರೆದ ಟಿಪ್ಪಣಿ ಮೇಲೆ ಸಾಹೇಬರು ಒಂದಕ್ಷರವೂ ತಿದ್ದಲಿಲ್ಲ ಕಣಮ್ಮ” ಎಂದರಂತೆ. ಅವರು ಅದನ್ನು ದೊಡ್ಡ ಮಾತೆಂದು ಹೇಳಿದವರಲ್ಲ; ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು. ಆಕೆ ಮಾತ್ರ ಅಂದಿನ ತಾರೀಖನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಈಗಲೂ ಅದೇ ಕಚೇರಿಯಲ್ಲಿದ್ದಾಳೆ.

ನಾಳೆ ಬೆಳಿಗ್ಗೆ ಕಚೇರಿಗೆ ಹೋಗುವ ಹಿರಿಯರು ಹೊಸಬರ ಮೇಜಿನ ಬಳಿ ಒಂದು ನಿಮಿಷ ನಿಲ್ಲಲಿ ಎಂಬುದೇ ನಮ್ಮ ಬೇಡಿಕೆ.